4ಎಸಿ ಎಲ್ಲಿಂದ ಬಂತು?

ಎಎಕ್ಸ್² + ಬಿಎಕ್ಸ್ + ಸಿ = 0 ಎಂಬ ವರ್ಗ ಸಮೀಕರಣ ಬಿಡಿಸಲು ಒಂದು ಸೂತ್ರವಿದೆ: ಎಕ್ಸ್ = (−ಬಿ ± √(ಬಿ² − 4ಎಸಿ)) / 2ಎ. ಅದರೊಳಗೆ ಕೂತಿರುವ 4ಎಸಿಯ ಮಾತು ಇದು. ಜಗಳೂರು ಕಡೆ ಒಂದೆಕರೆ ಮೆಕ್ಕೆಜೋಳದ ಹೊಲ ಇದೆ ಅಂದುಕೊಳ್ಳಿ. ಆಯತಾಕಾರ, ಉದ್ದ ಅಗಲಕ್ಕಿಂತ 66 ಅಡಿ ಹೆಚ್ಚು. ಹಾಗಾದರೆ ಅಗಲ ಎಷ್ಟು? ಅಡಿಯಲ್ಲಿ ಹಿಡಿದರೆ 43,560 ಚದರಡಿಯೊಂದಿಗೆ ಗುದ್ದಾಡಬೇಕು. ಸರ್ವೆಯವರ 33 ಅಡಿ ಚೈನಿನಲ್ಲಿ ಹಿಡಿದರೆ ಲೆಕ್ಕ ಹಗುರ: ಒಂದು ಚೈನ್ ಉದ್ದ, ಒಂದು ಚೈನ್ ಅಗಲದ ಜಾಗ ಒಂದು ಗುಂಟೆ; 40 ಗುಂಟೆಗೆ ಒಂದೆಕರೆ. ಅಗಲ ಎಕ್ಸ್ ಚೈನ್ ಆದರೆ ಉದ್ದ ಎಕ್ಸ್ + 2.

ಎಕ್ಸ್² + 2ಎಕ್ಸ್ = 40

ಹೊಲದ ನಕ್ಷೆಯನ್ನು ಕಾಗದದ ಮೇಲೆ ಬರೆದು ಕತ್ತರಿ ತಗೊಳ್ಳಿ. ಎಕ್ಸ್ ಬಾಹುವಿನ ಚೌಕ ಒಂದು, ಅದರ ಪಕ್ಕ ಎರಡು ಚೈನ್ ಅಗಲದ ಪಟ್ಟಿ. ಪಟ್ಟಿಯನ್ನು ಉದ್ದುದ್ದ ಸೀಳಿ, ಅರ್ಧವನ್ನು ಅಲ್ಲೇ ಬಿಟ್ಟು ಇನ್ನರ್ಧವನ್ನು ಚೌಕದ ಕೆಳಗೆ ಜೋಡಿಸಿ. ದೊಡ್ಡದೊಂದು ಚೌಕ ಆಗುತ್ತದೆ, ಆದರೆ ಒಂದು ಮೂಲೆ ಖಾಲಿ. ಆ ಮೂಲೆ ಸರಿಯಾಗಿ ಒಂದು ಗುಂಟೆ. ಅದನ್ನು ತುಂಬಿದರೆ 41 ಗುಂಟೆಯ ಪೂರ್ಣ ಚೌಕ, ಬಾಹು ಎಕ್ಸ್ + 1. 41ರ ವರ್ಗಮೂಲ ಸುಮಾರು 6.403. ಅಗಲ 5.403 ಚೈನ್, ಅಂದರೆ 178 ಅಡಿ ಚಿಲ್ಲರೆ. ಉದ್ದ 244 ಅಡಿ ಚಿಲ್ಲರೆ.

ಸುಮಾರು 820ರಲ್ಲಿ ಬಾಗ್ದಾದಿನ ಗಣಿತಜ್ಞ ಅಲ್ ಖ್ವಾರಿಜ್ಮಿ ಇಂಥದೇ ಚಿತ್ರ ಬರೆದು ತೋರಿಸಿದ್ದ; ಅವನ ಲೆಕ್ಕದಲ್ಲಿ ಎಕ್ಸ್² + 10ಎಕ್ಸ್ = 39, ಖಾಲಿ ಮೂಲೆ 25, ಉತ್ತರ 3. ಅವನಿಗಿಂತ ಮೊದಲೇ, 628ರಲ್ಲಿ, ಬ್ರಹ್ಮಗುಪ್ತ ಇಂಥ ಸಮೀಕರಣ ಬಿಡಿಸುವ ನಿಯಮವನ್ನು ಮಾತಿನಲ್ಲೇ ಕೊಟ್ಟಿದ್ದ. ಆದರೆ ಹತ್ತನೇ ಕ್ಲಾಸಿನವರು ಬಾಯಿಪಾಠ ಮಾಡುವ 4ಎಸಿಗೆ ನಮ್ಮ ಹಳೆಯ ಗಣಿತಜ್ಞ ಶ್ರೀಧರನ ಉಪಾಯ ಬಹಳ ಹತ್ತಿರ. ಅವನ ಬೀಜಗಣಿತದ ಕೃತಿ ಉಳಿದಿಲ್ಲ. ಭಾಸ್ಕರಾಚಾರ್ಯ ಉದ್ಧರಿಸಿದ್ದರಿಂದ ಈ ನಿಯಮ ನಮಗೆ ಸಿಕ್ಕಿದೆ. ಎಎಕ್ಸ್² + ಬಿಎಕ್ಸ್ = −ಸಿ ಎಂಬುದನ್ನು ಮೊದಲೇ ಎ ಯಿಂದ ಭಾಗಿಸಿದರೆ ಭಿನ್ನರಾಶಿಗಳ ಕಾಟ ಶುರು. ಶ್ರೀಧರ ಭಾಗಿಸುವುದಿಲ್ಲ, ಎರಡೂ ಕಡೆ 4ಎ ಯಿಂದ ಗುಣಿಸಿ ಬಿ² ಕೂಡಿಸು ಅನ್ನುತ್ತಾನೆ:

4ಎ²ಎಕ್ಸ್² + 4ಎಬಿಎಕ್ಸ್ + ಬಿ² = ಬಿ² − 4ಎಸಿ

ಎಡಗಡೆ ಇರುವುದು (2ಎಎಕ್ಸ್ + ಬಿ)². ಖಾಲಿ ಮೂಲೆಯೇ ಈ ಬಿ². ವರ್ಗಮೂಲ ತೆಗೆದು, ಬಿ ಕಳೆದು, 2ಎ ಯಿಂದ ಭಾಗಿಸಿದರೆ ಸೂತ್ರ ಕೈಗೆ ಬಂತು. ಇದಕ್ಕಿಂತ ಚೊಕ್ಕವಾದ ದಾರಿಯನ್ನು ನಾನಂತೂ ಕಂಡಿಲ್ಲ. ಪಠ್ಯಪುಸ್ತಕಗಳು ಸುತ್ತಿ ಬಳಸಿ ಹೋಗುವುದೇಕೋ!

ನಮ್ಮ ಹೊಲದ ಸಮೀಕರಣಕ್ಕೆ ಇನ್ನೊಂದು ಮೂಲವೂ, ಅಂದರೆ ಉತ್ತರವೂ, ಇದೆ: −7.403. ಋಣ ಎಂದು ಹೊಡೆದು ಹಾಕುವ ಮುನ್ನ ಸ್ವಲ್ಪ ನೋಡಿ. ಚಿಹ್ನೆ ತೆಗೆದರೆ ಅದು ಅದೇ ಹೊಲದ ಉದ್ದ.

ಎಲ್ಲದಕ್ಕೂ ಸೂತ್ರ ಹಾಕಬೇಕಿಲ್ಲ. ಬಿ ಸೊನ್ನೆಯಾದರೆ ನೇರ ವರ್ಗಮೂಲ ಸಾಕು. ಎಕ್ಸ್² − 5ಎಕ್ಸ್ + 6ರಂಥದ್ದು ಅಪವರ್ತನಕ್ಕೆ ಬಾಯಲ್ಲೇ ಬಗೆಹರಿಯುತ್ತದೆ. ಅಪವರ್ತನ ಕಣ್ಣಿಗೆ ಬೀಳದಿದ್ದಾಗ ಸೂತ್ರ. ಅದಕ್ಕೂ ಮೊದಲು ಶೋಧಕವನ್ನು, ಅಂದರೆ ಬಿ² − 4ಎಸಿಯನ್ನು, ನೋಡಿಬಿಡುವುದು ಒಳ್ಳೆಯದು. ರೈತನೊಬ್ಬನ ಬಳಿ 825 ಅಡಿ, ಅಂದರೆ 25 ಚೈನ್ ಮುಳ್ಳುತಂತಿ ಇದೆ; ಒಂದೇ ಸುತ್ತಿನಲ್ಲಿ ಒಂದೆಕರೆಯ ಆಯತಕ್ಕೆ ಬೇಲಿ ಸುತ್ತಬಹುದೇ? ಉದ್ದ ಅಗಲ ಕೂಡಿದರೆ 12.5 ಚೈನ್, ಗುಣಿಸಿದರೆ 40: ಎಕ್ಸ್² − 12.5ಎಕ್ಸ್ + 40 = 0. ಶೋಧಕ 156.25 − 160, ಸೊನ್ನೆಗಿಂತ ಕಡಿಮೆ; ಅಳತೆಗೆ ಸಿಗುವಂಥ ವರ್ಗಮೂಲ ಅದಕ್ಕಿಲ್ಲ. ಅಲ್ಲಿಗೆ ಆಗದ ಮಾತು. ಹೊಲವನ್ನು ಚೌಕ ಮಾಡಿದರೂ ಆ ತಂತಿ 39 ಗುಂಟೆ ಚಿಲ್ಲರೆಗಷ್ಟೇ ಸಾಲುತ್ತದೆ.

ಕ್ಯಾಲ್ಕುಲೇಟರ್ ನಂಬುವವರು ಒಂದು ಕಡೆ ಹುಷಾರಾಗಿರಬೇಕು. ಎಕ್ಸ್² − 1000ಎಕ್ಸ್ + 1 = 0ಯಲ್ಲಿ ಶೋಧಕದ ವರ್ಗಮೂಲ 999.998. ಐದೇ ಅಂಕೆ ಇಟ್ಟುಕೊಂಡರೆ ಅದು 1000.0 ಆಗಿ, ಚಿಕ್ಕ ಮೂಲ ಸೊನ್ನೆ ಎಂದು ಬರುತ್ತದೆ. ಸೊನ್ನೆ ಹಾಕಿದರೆ ಸಮೀಕರಣದಲ್ಲಿ 1 ಉಳಿಯುವುದರಿಂದ ಅದು ಶುದ್ಧ ತಪ್ಪು. ಇಂಥಲ್ಲಿ ಕೂಡುವ ಚಿಹ್ನೆಯಿಂದ ದೊಡ್ಡ ಮೂಲ ತೆಗೆದುಕೊಳ್ಳಬೇಕು, 1000. ಎರಡು ಮೂಲಗಳ ಗುಣಲಬ್ಧ ಸಿ/ಎ, ಇಲ್ಲಿ 1. ಹಾಗಾಗಿ ಚಿಕ್ಕದು 0.001.