ಜೇನು ಕಡಿಮೆಯಾದರೆ ತಟ್ಟೆಯಲ್ಲಿ ಏನು ಕಡಿಮೆಯಾಗುತ್ತೆ?

ಜೇನುಹುಳ ಹೂವಿಂದ ಹೂವಿಗೆ ಪರಾಗ ಒಯ್ಯುವ ಪಾಠ ಶುರುವಾದ ಕೂಡಲೇ ಒಂದು ಮಾತು ಬಂದೇ ಬರುತ್ತದೆ: ಜೇನು ಇಲ್ಲವಾದರೆ ನಾಲ್ಕೇ ವರ್ಷದಲ್ಲಿ ಮನುಷ್ಯರ ಕಥೆ ಮುಗೀತು, ಹಾಗಂತ ಐನ್‌ಸ್ಟೈನ್ ಹೇಳಿದ್ದಾರೆ ಅಂತ. ದಯವಿಟ್ಟು ಇದನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ. ಅವರು ಹಾಗೆ ಹೇಳಿದ್ದಕ್ಕೆ ದಾಖಲೆ ಇಲ್ಲ. ಹೇಳಿದ್ದರೂ ಅದು ತಪ್ಪೇ. ಭತ್ತ, ಗೋಧಿ, ರಾಗಿ, ಜೋಳ, ಮೆಕ್ಕೆಜೋಳಕ್ಕೆ ಜೇನಿನ ಹಂಗಿಲ್ಲ. ಕೆಲವಕ್ಕೆ ಗಾಳಿ ಸಾಕು, ಕೆಲವು ತಮ್ಮದೇ ಪರಾಗದಲ್ಲಿ ಕಾಳು ಕಟ್ಟುತ್ತವೆ. ಹಾಗಾಗಿ ಮುದ್ದೆ ಎಲ್ಲೂ ಹೋಗಲ್ಲ. ಮುದ್ದೆಯ ಪಕ್ಕದಲ್ಲಿ ಇರೋದು ಹೋಗುತ್ತೆ.

ಕುಂಬಳಕಾಯಿ ಹುಳಿ, ಸೌತೆಕಾಯಿ ಕೋಸಂಬರಿ, ಒಗ್ಗರಣೆಯ ಸಾಸಿವೆ, ಸೂರ್ಯಕಾಂತಿ ಎಣ್ಣೆ, ಪಾಯಸದ ಏಲಕ್ಕಿ, ಊಟವಾದ ಮೇಲಿನ ಮಾವಿನಹಣ್ಣು. ಇವೆಲ್ಲ ಹೆಚ್ಚುಕಡಿಮೆ ಕೀಟಗಳನ್ನು ನಂಬಿಕೊಂಡವು. ನಮಗೆ ಸಿಗುವ ವಿಟಮಿನ್ ಎ ಮತ್ತು ಸಿ ಬಹುಪಾಲು ಇಂಥ ತರಕಾರಿ, ಹಣ್ಣುಗಳಿಂದಲೇ. ಹೊಟ್ಟೆ ತುಂಬುತ್ತೆ, ಮೈಗೆ ಬೇಕಾದ್ದು ಸಿಗಲ್ಲ.

ಈಗ ಅಂಕಿಗಳು. ಇಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. 2007ರಲ್ಲಿ ಬಂದ ಒಂದು ದೊಡ್ಡ ಅಧ್ಯಯನ ಜಗತ್ತಿನ 115 ಮುಖ್ಯ ಆಹಾರ ಬೆಳೆಗಳನ್ನು ನೋಡಿತು. ಅದರಲ್ಲಿ 87 ಬೆಳೆಗಳಿಗೆ ಕೀಟ, ಹಕ್ಕಿಗಳಂಥ ಜೀವಿಗಳ ಪರಾಗಸ್ಪರ್ಶದಿಂದ ಲಾಭವಿದೆ. ಬೆಳೆಗಳ ಎಣಿಕೆಯಲ್ಲಿ ಇದು ಮುಕ್ಕಾಲು ಪಾಲು. ತೂಕದ ಲೆಕ್ಕದಲ್ಲಿ ಮಾತ್ರ ಈ ಬೆಳೆಗಳು ಒಟ್ಟು ಉತ್ಪಾದನೆಯ ಶೇ 35ರಷ್ಟು. ಹಾಗಂತ ಆ ಜೀವಿಗಳು ಹೋದರೆ ಶೇ 35 ಅನ್ನ ಹೋಯಿತು ಅಂತಲ್ಲ. ಲಾಭವಿದೆ ಅಂದರೆ ಪೂರ್ತಿ ಅದನ್ನೇ ನಂಬಿವೆ ಅಂತ ಅರ್ಥ ಅಲ್ಲವಲ್ಲ. ಜೀವವೈವಿಧ್ಯದ ಬಗ್ಗೆ ವರದಿ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಐಪಿಬಿಇಎಸ್‌ನ 2016ರ ವರದಿ ಪ್ರಕಾರ ನೇರವಾಗಿ ಈ ಜೀವಿಗಳ ಪರಾಗಸ್ಪರ್ಶದಿಂದಲೇ ಬರುವ ಉತ್ಪಾದನೆ ಶೇ 5ರಿಂದ 8. ಮುಕ್ಕಾಲು, 35, 5ರಿಂದ 8: ಮೂರೂ ಸರಿ, ಮೂರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ.

ಪುಸ್ತಕ ಪಕ್ಕಕ್ಕಿಟ್ಟು ಸೌತೆ ಬಳ್ಳಿ ಹತ್ತಿರ ಹೋಗಿ. ಕೆಲವು ಹೂವಿನ ಹಿಂದೆ ಬರೀ ತೊಟ್ಟು, ಅವು ಗಂಡು. ಕೆಲವಕ್ಕೆ ಹಿಂದೆ ಬೆರಳುಗುರಿನಷ್ಟು ಪುಟ್ಟ ಸೌತೆ, ಅವು ಹೆಣ್ಣು. ಜೇನು ಇಲ್ಲಿಂದ ಅಲ್ಲಿಗೆ ಹೋಗದಿದ್ದರೆ ಆ ಪುಟ್ಟ ಕಾಯಿ ಹಳದಿಯಾಗಿ ಉದುರುತ್ತೆ. ಪರಾಗ ಅರೆಬರೆ ಬಿದ್ದರೆ ಕಾಯಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣಕಲು. ಸಂತೆಯಲ್ಲಿ ಸೊಟ್ಟ ಸೌತೆ ಸಿಕ್ಕಿದರೆ ಇದೂ ಒಂದು ಕಾರಣವಿರಬಹುದು.

ಬದನೆ ಹೂ ಇನ್ನೂ ಮಜಾ. ಅದರ ಪರಾಗ ಹಳದಿ ಕೊಳವೆಗಳ ಒಳಗಿರುತ್ತೆ, ತುದಿಯಲ್ಲಿ ಸಣ್ಣ ತೂತು ಅಷ್ಟೇ. ಜೇನುಹುಳಕ್ಕೆ ಇದು ಒಲಿಯಲ್ಲ. ಕಪ್ಪು ದುಂಬಿಯೋ ನೀಲಿ ಪಟ್ಟೆಯ ಒಂಟಿ ಜೇನೋ (ಗುಂಪು ಕಟ್ಟದೆ ಒಂಟಿಯಾಗಿ ಗೂಡು ಮಾಡುವ ಜೇನು) ಬಂದು, ಹೂವನ್ನು ಅಪ್ಪಿ ಹಿಡಿದು ಝೇಂಕರಿಸಿ ಮೈ ನಡುಗಿಸಬೇಕು. ಆಗ ಉಪ್ಪಿನ ಡಬ್ಬಿ ಅಲುಗಿಸಿದ ಹಾಗೆ ಪರಾಗ ಉದುರುತ್ತೆ. ಟೊಮ್ಯಾಟೊ ಹೂವಿನದೂ ಇದೇ ಕಥೆ. ಇವೆರಡೂ ಸ್ವಂತ ಪರಾಗದಲ್ಲಿ ಕಾಯಿ ಕಟ್ಟಬಲ್ಲವು, ಆದರೆ ಅಲುಗಿಸುವವರಿದ್ದರೆ ಕಾಯಿ ಚೆನ್ನಾಗಿ ಕಟ್ಟುತ್ತೆ.

ಇದನ್ನು ಇಷ್ಟು ಎಳೆದಿದ್ದಕ್ಕೆ ಕಾರಣವಿದೆ. "ಜೇನು ಕಡಿಮೆಯಾಗಿದೆ" ಅಂದಾಗ ಯಾವ ಜೇನು ಅಂತ ಕೇಳಬೇಕು. ಪೆಟ್ಟಿಗೆಯಲ್ಲಿ ಸಾಕುವ ಜೇನಿನ ಕುಟುಂಬಗಳು ಜಗತ್ತಿನಲ್ಲಿ 1961ರಿಂದ ಈಚೆಗೆ ಒಟ್ಟಾರೆ ಹೆಚ್ಚಿವೆ. ದೊಡ್ಡ ಆತಂಕ ಇರೋದು ಲೆಕ್ಕಕ್ಕೇ ಸಿಗದ ಕಾಡು ಜೇನು, ಒಂಟಿ ಜೇನುಗಳದ್ದು. ಬೇಲಿ ಸಾಲು ಕಡಿದದ್ದು, ಪೊಟರೆ ಇರುವ ಹಳೇ ಮರ ಹೋದದ್ದು, ಒಂದೇ ಬೆಳೆ, ಹೂಬಿಟ್ಟ ಹೊತ್ತಿನಲ್ಲೇ ಔಷಧಿ ಹೊಡೆಯೋದು, ಬಿಸಿಲಿನ ಏರುಪೇರು: ಕಾರಣಗಳು ನಿಮಗೆ ಗೊತ್ತಿರುವವೇ.

ರೋಗದ ಬಗ್ಗೆ ಮಾತ್ರ ನಮ್ಮದೇ ಉದಾಹರಣೆ ಬರೆಯಿರಿ. ಎಲ್ಲರೂ 2006ರ ಅಮೆರಿಕದ ಘಟನೆ ಬರೆಯುತ್ತಾರೆ, ಗೂಡಲ್ಲಿ ರಾಣಿ ಇದ್ದು ಕೆಲಸಗಾರ ಹುಳಗಳು ಮಾಯವಾದದ್ದು. ಅದಕ್ಕೆ ಮೊದಲೇ, 1991-92ರಲ್ಲಿ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತದಲ್ಲಿ ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಬಡಿದಿತ್ತು. ಹುಳ ಸಾಯುವುದಲ್ಲ, ಮರಿ ಸಾಯುತ್ತದೆ. ಚಿಮಟದಲ್ಲಿ ಎತ್ತಿದರೆ ಸತ್ತ ಮರಿ ನೀರು ತುಂಬಿದ ಚೀಲದ ಹಾಗೆ ಇಡಿಯಾಗಿ ಬರುತ್ತೆ. ಮರಿಯಿಲ್ಲದ ಗೂಡಿಗೆ ಮುಂದಿನ ಪೀಳಿಗೆ ಎಲ್ಲಿಂದ? ಅನೇಕ ಕಡೆ ಶೇ 90ಕ್ಕೂ ಹೆಚ್ಚು ಕುಟುಂಬಗಳು ಹೋದವು. ಕೊಡಗು, ಮಲೆನಾಡಿನ ಮನೆಗಳಲ್ಲಿ ಪೆಟ್ಟಿಗೆ ಖಾಲಿಯಾದವು. ಮತ್ತೆ ಜೇನು ಕೂಡಿಸಲು ಕಾಡಿನಲ್ಲಿ ಉಳಿದಿದ್ದ ಗೂಡುಗಳೇ ಆಸರೆ.

ಕಾಫಿಯದು ಒಂದೇ ಮಾತು. ರೊಬಸ್ಟಾ ಜಾತಿಯ ಕಾಫಿ ಗಿಡ ತನ್ನ ಪರಾಗದಲ್ಲಿ ತಾನೇ ಕಾಯಿ ಕಟ್ಟಲಾರದು. ಹೂಮಳೆ, ಅಂದರೆ ಗಿಡಕ್ಕೆ ಹೂ ಅರಳಿಸುವ ಮಳೆ, ಬಿದ್ದ ಎಂಟೊಂಬತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗಿ, ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಅಷ್ಟರೊಳಗೆ ಕೊಡಗಿನಲ್ಲಿ ಹೆಚ್ಚು ಓಡಾಡೋದು ಹೆಜ್ಜೇನು, ಅದನ್ನು ಪೆಟ್ಟಿಗೆಯಲ್ಲಿ ಸಾಕೋಕೆ ಆಗಲ್ಲ.

"ಜೇನಿನ ಬದಲು ಕೈಯಲ್ಲೇ ಮಾಡಬಹುದಲ್ವಾ?" ಅನ್ನೋ ಪ್ರಶ್ನೆಗೆ ವೆನಿಲ್ಲಾ ನೋಡಿ. ಅದು ಮೆಕ್ಸಿಕೊ ಕಡೆಯ ಬಳ್ಳಿ, ಅದರ ಹೂವಿಗೆ ಒಗ್ಗಿದ ಜೇನು ಇಲ್ಲಿಲ್ಲ. 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್ ಕಡ್ಡಿಯಿಂದ ಹೂವಿನ ಪೊರೆ ಎತ್ತಿ ಪರಾಗ ಒತ್ತುವುದನ್ನು ತೋರಿಸಿಕೊಟ್ಟ. ನಮ್ಮ ಮಲೆನಾಡಿನಲ್ಲೂ ಅದೇ ಕ್ರಮ. ಹೂ ಅರಳೋದು ಒಂದೇ ಬೆಳಗ್ಗೆ. ಒಂದೊಂದಕ್ಕೂ ಕಡ್ಡಿ ಹಿಡಿದು ನಿಲ್ಲಬೇಕು. ದರ ಏರಿದಾಗ ಜನ ಖುಷಿಯಿಂದ ನಿಂತರು. ದರ ಬಿದ್ದ ಮೇಲೆ ಕೂಲಿ ಗಿಟ್ಟದೆ ಎಷ್ಟೋ ತೋಟಗಳಲ್ಲಿ ಕಡ್ಡಿ ಕೆಳಗಿಟ್ಟರು. ಬಳ್ಳಿ ಹೂ ಬಿಡುತ್ತಿತ್ತು, ಮಾರನೇ ದಿನ ಉದುರುತ್ತಿತ್ತು. ಕೋಡು ಕಟ್ಟಲಿಲ್ಲ.