ಗೊಬ್ಲಾಂನಲ್ಲಿ ಮಾಡುವುದು ಕಸೂತಿಯಾ?

"ಪ್ಯಾರಿಸ್‌ನಲ್ಲಿರೋ ಮಗಳ ಮನೆಗೆ ಹೋಗ್ತಿದ್ದೇವೆ. ಗೊಬ್ಲಾಂ ಕಾರ್ಖಾನೆಯಲ್ಲಿ ಬಟ್ಟೆ ಮೇಲೆ ಟ್ಯಾಪೆಸ್ಟ್ರಿ ಕಸೂತಿ ಹಾಕೋದನ್ನ ನೋಡಬಹುದಾ?" ಹಾಸನದ ಓದುಗರೊಬ್ಬರ ಪ್ರಶ್ನೆ.

ನೋಡಬಹುದು. ಗೈಡ್ ಜೊತೆ ಒಳಗೆ ಹೋಗುವ ಗುಂಪಿಗೆ ಮೊದಲೇ ಬುಕ್ ಮಾಡಿ. ಬರೀ ಗ್ಯಾಲರಿ ನೋಡಿ ವಾಪಸ್ ಬರಬೇಡಿ. ಅಷ್ಟೇ ಉತ್ತರ.

ಆದರೆ ಆ ಕಸೂತಿ ಅನ್ನೋ ಮಾತು ಇದೆಯಲ್ಲ, ಅದನ್ನು ಬಿಡಿಸಿ ಹೇಳದೆ ನಿಮ್ಮನ್ನು ಕಳಿಸಲಾರೆ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಟ್ಯಾಪೆಸ್ಟ್ರಿ ಅಂದರೆ ಗೋಡೆಗೆ ತೂಗುಹಾಕುವಂಥ ಚಿತ್ರದ ನೇಯ್ಗೆ, ಕಸೂತಿ ಅಲ್ಲ. ಕಸೂತಿಗೆ ಮೊದಲು ಬಟ್ಟೆ ಬೇಕು, ಆಮೇಲೆ ಸೂಜಿ. ಇಲ್ಲಿ ಬಟ್ಟೆಯೇ ಇರುವುದಿಲ್ಲ. ಮಗ್ಗದಲ್ಲಿ ಮೇಲಿಂದ ಕೆಳಗೆ ಬಿಗಿದ ಹಾಸಿನ ನೂಲು ಮಾತ್ರ. ಕುದುರೆಯ ಕಿವಿ ಬರಬೇಕಾದ ಕಡೆ ಕಂದು ಹೊಕ್ಕು, ಅಂದರೆ ಅಡ್ಡ ನೂಲು; ಪಕ್ಕದ ಆಕಾಶಕ್ಕೆ ನೀಲಿ ಹೊಕ್ಕು. ಕಂದು ನೂಲು ಕಿವಿಯ ಅಂಚಿನ ತನಕ ಹೋಗಿ ಅಲ್ಲೇ ಹಿಂದಕ್ಕೆ ತಿರುಗುತ್ತದೆ. ನಮ್ಮ ಸೀರೆ ಮಗ್ಗದ ಲಾಳಿಯ ಹಾಗೆ ಈ ಅಂಚಿನಿಂದ ಆ ಅಂಚಿಗೆ ಓಡುವುದಿಲ್ಲ. ಹೊಕ್ಕನ್ನು ಒತ್ತಿ ಒತ್ತಿ ಕೂರಿಸಿದಾಗ ಹಾಸು ಪೂರ್ತಿ ಮುಚ್ಚಿಹೋಗುತ್ತದೆ. ಬಟ್ಟೆ ಎಷ್ಟು ಬೆಳೆಯಿತೋ ಚಿತ್ರವೂ ಅಷ್ಟೇ ಬೆಳೆದಿರುತ್ತದೆ.

ಅಂಗಳದ ರಂಗೋಲಿ ಅಳಿಸಿದರೆ ನೆಲ ಉಳಿಯುತ್ತದೆ, ಅಲ್ವಾ? ಹಳೇಬೀಡಿನ ಆನೆ ಸಾಲು ತೆಗೆದು ನೋಡಿ, ಗೋಡೆಯೇ ಹೋಗುತ್ತದೆ. ಕಸೂತಿ ರಂಗೋಲಿಯ ಹಾಗೆ, ಟ್ಯಾಪೆಸ್ಟ್ರಿ ಆ ಆನೆಗಳ ಹಾಗೆ.

ಗೊಂದಲಕ್ಕೆ ಫ್ರಾನ್ಸಿನ ಹೆಸರಾಂತ ಹಳೇ ಚಿತ್ರಪಟ ಬೇಯೋ ಟ್ಯಾಪೆಸ್ಟ್ರಿಯೂ ಒಂದು ಕಾರಣ. ಹೆಸರಷ್ಟೇ ಟ್ಯಾಪೆಸ್ಟ್ರಿ. ಸುಮಾರು 70 ಮೀಟರ್ ಉದ್ದದ ಅದು ಲಿನನ್ ಮೇಲೆ ಉಣ್ಣೆ ದಾರದಲ್ಲಿ ಹಾಕಿದ ಕಸೂತಿಯೇ.

ಗೊಬ್ಲಾಂನಲ್ಲಿ ನೇಕಾರರ ಕೈ ನೋಡಿ. ಅವರು ಕೂರುವುದು ಮಗ್ಗದ ಹಿಂದೆ, ಚಿತ್ರದ ಬೆನ್ನಿನ ಕಡೆ. ಮುಂದಿನ ಮುಖ ಹೇಗೆ ಬಂತು ಅಂತ ಆಚೆ ಇಟ್ಟ ಕನ್ನಡಿಯಲ್ಲಿ ನೋಡಿಕೊಳ್ಳುತ್ತಾರೆ. ದೊಡ್ಡ ಚಿತ್ರಕ್ಕೆ ವರ್ಷಗಳೇ ಹಿಡಿಯುತ್ತವೆ. 1662ರಲ್ಲಿ 14ನೇ ಲೂಯಿ ದೊರೆಗಾಗಿ ಮಂತ್ರಿ ಕೋಲ್ಬೆರ್ ಕೊಂಡ ಜಾಗ ಅದು. ಇವತ್ತಿಗೂ ಅಲ್ಲಿ ನೇಯುತ್ತಾರೆ.

ಇನ್ನೊಂದು ವಿಷಯ, ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. 1824ರಲ್ಲಿ ಶೆವ್ರೆಲ್ ಎಂಬ ರಸಾಯನ ವಿಜ್ಞಾನಿ ಅಲ್ಲಿನ ಬಣ್ಣದ ವಿಭಾಗದ ಮುಖ್ಯಸ್ಥರಾದರು. ಕಪ್ಪು ನೂಲು ಮಂಕು ಅಂತ ದೂರು ಬಂತು. ಪರೀಕ್ಷಿಸಿದರೆ ಬಣ್ಣದಲ್ಲಿ ಏನೂ ಕೊರತೆ ಇರಲಿಲ್ಲ. ನೀಲಿ, ನೇರಳೆಯ ಪಕ್ಕ ಕೂತಿದ್ದಕ್ಕೇ ಕಪ್ಪು ಸಪ್ಪೆ ಕಂಡಿತ್ತು! ಇದರ ಬಗ್ಗೆ ಅವರು 1839ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದರು. ಮಗಳಿಗೆ ಸೀರೆ ತಗೊಳ್ಳುವಾಗ ಒಂದೇ ಬ್ಲೌಸ್ ಪೀಸನ್ನು ಎರಡು ಬಣ್ಣದ ಸೀರೆಗಳ ಮೇಲೆ ಇಟ್ಟು ನೋಡಿ. ಅಂಗಡಿಯಲ್ಲೇ ಗೊತ್ತಾಗುತ್ತದೆ.