ಜೀಮೇಲ್ ಇನ್‌ಬಾಕ್ಸ್ ಖಾಲಿ ಇಡುವುದು: ಲೇಬಲ್, ಆರ್ಕೈವ್, ಫಿಲ್ಟರ್

ಆಫೀಸಿನ ಮೇಲ್ ಜೀಮೇಲ್‌ನಲ್ಲಿ ಇರುವವರಿಗಾಗಿ ಈ ಟಿಪ್ಪಣಿ. ಕಂಪ್ಯೂಟರಿನ ಬ್ರೌಸರಿನಲ್ಲಿ ಕಾಣುವ ಜೀಮೇಲನ್ನು ಮುಂದಿಟ್ಟುಕೊಂಡು ಓದಿ.

ಲೇಬಲ್ ಹಚ್ಚಿದರೂ ಮೇಲ್ ಯಾಕೆ ಹೋಗಲಿಲ್ಲ?

ಎಲ್ಲ ಗೊಂದಲದ ಬೇರು ಇಲ್ಲಿದೆ, ನಿಧಾನವಾಗಿ ನೋಡೋಣ. ಫೋಲ್ಡರ್ ಬಳಸಿ ರೂಢಿಯಾದವರ ಲೆಕ್ಕದಲ್ಲಿ, ಫೋಲ್ಡರಿಗೆ ಹಾಕಿದ ಮೇಲ್ ಇನ್‌ಬಾಕ್ಸಿನಿಂದ ಹೊರಟುಹೋಗಬೇಕು. ಜೀಮೇಲ್‌ನಲ್ಲಿ ಮೇಲ್ ಎಲ್ಲಿಗೂ ಹೋಗುವುದಿಲ್ಲ. ಸ್ಪ್ಯಾಮ್ ಮತ್ತು ಟ್ರ್ಯಾಶ್ ಬಿಟ್ಟು ಎಲ್ಲವೂ 'ಆಲ್ ಮೇಲ್' ಎಂಬ ಒಂದೇ ರಾಶಿಯಲ್ಲಿರುತ್ತವೆ. 'ಇನ್‌ಬಾಕ್ಸ್' ಅನ್ನುವುದೂ ಆ ಮೇಲ್‌ಗೆ ಅಂಟಿಸಿದ ಒಂದು ಚೀಟಿ ಮಾತ್ರ. 'ಬಿಲ್‌ಗಳು' ಎಂಬ ಲೇಬಲ್ ಹಚ್ಚಿದರೆ ಎರಡನೇ ಚೀಟಿ ಅಂಟುತ್ತದೆ, ಮೊದಲನೆಯದು ಹಾಗೇ ಇರುತ್ತದೆ. ಅದಕ್ಕೇ ಮೇಲ್ ಇನ್‌ಬಾಕ್ಸಿನಲ್ಲೇ ಕೂತಿರುತ್ತದೆ.

ಆರ್ಕೈವ್ ಅಂದರೆ ಇನ್‌ಬಾಕ್ಸ್ ಚೀಟಿಯನ್ನು ಕಿತ್ತುಹಾಕುವುದು. ಏನೂ ಅಳಿಯುವುದಿಲ್ಲ, ಹುಡುಕಿದರೆ ಸಿಗುತ್ತದೆ. ಡಿಲೀಟ್ ಬೇರೆ: ಅದು ಟ್ರ್ಯಾಶ್‌ಗೆ ಹೋಗಿ 30 ದಿನಕ್ಕೆ ಅಳಿದುಹೋಗುತ್ತದೆ. 'ಲೇಬಲ್ಸ್' ಮತ್ತು 'ಮೂವ್ ಟು' ಎಂಬ ಎರಡು ಆಯ್ಕೆಗಳು ಇರುತ್ತವೆ. ಮೊದಲನೆಯದು ಚೀಟಿ ಅಂಟಿಸುತ್ತದೆ ಅಷ್ಟೆ. ಎರಡನೆಯದು ಅಂಟಿಸಿ, ಇನ್‌ಬಾಕ್ಸ್ ಚೀಟಿಯನ್ನೂ ಕೀಳುತ್ತದೆ. ನಮಗೆ ಹೆಚ್ಚಿನ ಸಲ ಬೇಕಾಗುವುದು ಎರಡನೆಯದೇ.

ಇದೇ ಕಾರಣಕ್ಕೆ ಆರ್ಕೈವ್ ಮಾಡಿದ ಮೇಲ್‌ಗೆ ಯಾರಾದರೂ ಉತ್ತರ ಬರೆದರೆ ಆ ಇಡೀ ಮಾತುಕತೆ ಇನ್‌ಬಾಕ್ಸಿಗೆ ಮರಳುತ್ತದೆ: ಹೊಸ ಮೇಲ್ ಹೊಸ ಇನ್‌ಬಾಕ್ಸ್ ಚೀಟಿಯೊಂದಿಗೆ ಬಂದಿರುತ್ತದೆ. ಹಾಗಾಗಿ ಆರ್ಕೈವ್ ಮಾಡಲು ಅಂಜಬೇಕಿಲ್ಲ. ಮರಳಿ ಬರುವುದೇ ಬೇಡ ಎನ್ನಿಸುವ, ಇಪ್ಪತ್ತು ಜನ 'ಥ್ಯಾಂಕ್ಯೂ' ಹೇಳುವ ಮೇಲ್‌ಗೆ 'ಮ್ಯೂಟ್' ಇದೆ.

ಹಳೇ ರಾಶಿ

ಹುಡುಕುವ ಜಾಗದಲ್ಲಿ 'in:inbox older_than:30d' ಎಂದು ಟೈಪ್ ಮಾಡಿ. ಕೋಲನ್ ಆದಮೇಲೆ ಜಾಗ ಬಿಡಬೇಡಿ. ತಿಂಗಳಿಗಿಂತ ಹಳೆಯ ಮೇಲ್‌ಗಳು ಬರುತ್ತವೆ. ಮೇಲಿನ ಚೌಕಕ್ಕೆ ಟಿಕ್ ಹಾಕಿದರೆ ಆ ಪುಟದವು ಮಾತ್ರ, ಸಾಮಾನ್ಯವಾಗಿ 50, ಆಯ್ಕೆಯಾಗುತ್ತವೆ. ಪಟ್ಟಿಯ ನೆತ್ತಿಯಲ್ಲಿ, ಈ ಹುಡುಕಾಟಕ್ಕೆ ಸಿಕ್ಕ ಎಲ್ಲವನ್ನೂ ಆಯ್ಕೆ ಮಾಡಲೇ ಎಂದು ಕೇಳುವ ನೀಲಿ ಸಾಲು ಬರುತ್ತದೆ. ಅದನ್ನು ಒತ್ತಿ, ಆಮೇಲೆ ಆರ್ಕೈವ್. ಈ ಸಾಲು ಕಣ್ಣಿಗೆ ಬೀಳದವರು ಪುಟಪುಟವಾಗಿ ತಿಕ್ಕುತ್ತಾ ಕೂರುತ್ತಾರೆ.

ಫಿಲ್ಟರ್

ಫಿಲ್ಟರ್ ಅಂದರೆ ಬರುವ ಮೇಲ್‌ಗೆ ತಾನಾಗೇ ಏನಾಗಬೇಕು ಎಂದು ಮೊದಲೇ ಬರೆದಿಡುವ ನಿಯಮ. ಹುಡುಕುವ ಜಾಗದ ಬಲಬದಿಯ ಚಿಹ್ನೆ ಒತ್ತಿ, 'ಫ್ರಮ್' ಎದುರು ವಿಳಾಸ ಕೊಟ್ಟು, 'ಕ್ರಿಯೇಟ್ ಫಿಲ್ಟರ್'. ಮುಂದಿನ ಪುಟದಲ್ಲಿ 'ಸ್ಕಿಪ್ ದಿ ಇನ್‌ಬಾಕ್ಸ್' ಮತ್ತು 'ಅಪ್ಲೈ ದಿ ಲೇಬಲ್' ಎರಡಕ್ಕೂ ಟಿಕ್ ಹಾಕಿ. ಎರಡನೆಯದಕ್ಕೆ ಮಾತ್ರ ಹಾಕಿದರೆ ಏನಾಗುತ್ತದೆ ಎಂಬುದು ಮೇಲೆ ಗೊತ್ತಾಯಿತಲ್ಲ. ಫಿಲ್ಟರ್ ಮುಂದೆ ಬರುವ ಮೇಲ್‌ಗೆ ಮಾತ್ರ. ಈಗಾಗಲೇ ಬಂದವಕ್ಕೂ ಬೇಕಿದ್ದರೆ ಕೊನೆಯ ಟಿಕ್ ಬೇರೆ ಇದೆ.

'ರಿಪೋರ್ಟ್' ಎಂಬ ಪದದ ಮೇಲೆ ಫಿಲ್ಟರ್ ಕಟ್ಟಬೇಡಿ, ಮ್ಯಾನೇಜರ್ ಕೇಳಿದ ರಿಪೋರ್ಟಿನ ಮೇಲ್ ಕೂಡ ಅದರಲ್ಲೇ ಮುಳುಗುತ್ತದೆ. ಕಳುಹಿಸುವವರ ವಿಳಾಸದ ಮೇಲೆ ಕಟ್ಟಿ. ಇನ್ನೊಂದು: ಫಿಲ್ಟರ್ ಕೆಲಸ ಮಾಡುವುದು ಒಂದೊಂದು ಮೇಲ್ ಮೇಲೆ, ಪಟ್ಟಿಯಲ್ಲಿ ಕಾಣುವುದು ಇಡೀ ಮಾತುಕತೆ. ಸಿಸ್ಟಮ್ ಕಳಿಸಿದ ಅಲರ್ಟ್‌ಗೆ ಸಹೋದ್ಯೋಗಿ ಉತ್ತರಿಸಿದರೆ ಆ ಒಂದು ಉತ್ತರಕ್ಕೆ ಇನ್‌ಬಾಕ್ಸ್ ಚೀಟಿ ಇರುವುದರಿಂದ ಇಡೀ ಸರಣಿ ಎದುರಿಗೆ ಬರುತ್ತದೆ. ಫಿಲ್ಟರ್ ಕೆಟ್ಟಿಲ್ಲ.

ದಿನದ ಕೆಲಸ

ಎರಡು ನಿಮಿಷದಲ್ಲಿ ಮುಗಿಯುವುದಾದರೆ ಆಗಲೇ ಉತ್ತರಿಸಿ ಆರ್ಕೈವ್. ಇವತ್ತಿನದಲ್ಲದ್ದಕ್ಕೆ 'ಸ್ನೂಜ್': ಕೊಟ್ಟ ದಿನ, ಕೊಟ್ಟ ಹೊತ್ತಿಗೆ ಮತ್ತೆ ಮೇಲೆ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಆನ್ ಮಾಡಿದರೆ ಇ ಒತ್ತಿದರೆ ಆರ್ಕೈವ್, ಬಿ ಒತ್ತಿದರೆ ಸ್ನೂಜ್, ಎಂ ಒತ್ತಿದರೆ ಮ್ಯೂಟ್. ತೆರೆದ ಮೇಲ್‌ನಲ್ಲಿ ಚೌಕಾವರಣದ ಕೀಲಿ, [ ಅಥವಾ ], ಒತ್ತಿದರೆ ಆರ್ಕೈವ್ ಆಗಿ ನೇರ ಪಕ್ಕದ ಮೇಲ್ ತೆರೆಯುತ್ತದೆ. ಪಟ್ಟಿಗೆ ಮರಳುವ ಕೆಲಸವೇ ಇಲ್ಲ. ಒಂದು ಕೀಲಿ ಮಾತ್ರ ಕಲಿಯುವುದಾದರೆ ಇದನ್ನೇ ಕಲಿಯಿರಿ.

'ಸೆಂಡ್ ಅಂಡ್ ಆರ್ಕೈವ್' ಗುಂಡಿ ಚೆನ್ನಾಗಿದೆ, ಆದರೆ ಎದುರಿನವರು ಉತ್ತರಿಸದಿದ್ದರೆ ಆ ವಿಷಯ ಕಣ್ಮರೆಯಾಗುತ್ತದೆ. ಉತ್ತರ ಬೇಕೇಬೇಕಾದ ಮೇಲನ್ನು ಮಾಮೂಲಿ ಸೆಂಡ್ ಮಾಡಿ, ಅದನ್ನೇ ಮೂರು ದಿನಕ್ಕೆ ಸ್ನೂಜ್ ಮಾಡಿ. ಉತ್ತರ ಮೊದಲೇ ಬಂದರೆ ಮೇಲ್ ಅಂದೇ ಇನ್‌ಬಾಕ್ಸಿಗೆ ಬರುತ್ತದೆ. ಬರದಿದ್ದರೆ ಮೂರನೇ ದಿನ ಬಂದು ನೆನಪಿಸುತ್ತದೆ.